ದಡದ ಮೇಲೆ ನಿಂತವರು

ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ 22 ವರ್ಷ ಕನ್ನಡ ಪಾಠ ಹೇಳಿದ್ದೇನೆ. ಅದರಲ್ಲಿ 18 ವರ್ಷ, ತಿಂಗಳಿಗೆ ಎರಡು ಶನಿವಾರ ಸಂಜೆ, ಓದಿನ ಜೊತೆಗೆ ಸಿನಿಮಾ ನೋಡುವ ಒಂದು ಕೂಟವನ್ನೂ ನಡೆಸಿದ್ದೇನೆ. ವಿದ್ಯಾರ್ಥಿಗಳು ಬರುತ್ತಾರೆ, ಬ್ಯಾಂಕಿನವರು, ಅಂಗನವಾಡಿ ಟೀಚರುಗಳು, ಕೆಲವರು ರೈತರು. ಗೋಡೆಗೆ ಬಿಳಿ ಪಂಚೆ, ಬಾಡಿಗೆ ಪ್ರೊಜೆಕ್ಟರು, ನಲವತ್ತು ಪ್ಲಾಸ್ಟಿಕ್ ಕುರ್ಚಿ. ಅನ್ಯಾಯದ ಕಥೆ ಓದಿದ ಮೇಲೆ, ನೋಡಿದ ಮೇಲೆ ನಾವು ಏನು ಮಾತಾಡುತ್ತೇವೆ ಅನ್ನುವುದನ್ನು ಇಷ್ಟು ವರ್ಷ ಕಿವಿಗೊಟ್ಟು ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ‘ಅಯ್ಯೋ ಪಾಪ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ

ಮೊದಲ ಸಲ ‘ಚೋಮನ ದುಡಿ’ ತೋರಿಸಿದಾಗ ಅರ್ಧ ಜನ ಕಣ್ಣೊರೆಸಿಕೊಂಡರು. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ 1975ರ ಸಿನಿಮಾ, ಚೋಮನಾಗಿ ಎಂ.ವಿ. ವಾಸುದೇವರಾಯರು. ಅಳು ಬಾರದಿದ್ದರೇ ಆಶ್ಚರ್ಯ. ‘ಏನನ್ನಿಸಿತು?’ ಎಂದು ಕೇಳಿದೆ. ‘ಅಯ್ಯೋ ಪಾಪ’ ಅಂದರು. ಹತ್ತು ನಿಮಿಷಕ್ಕೆ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದರು. ಅತ್ತು ಹಗುರಾಗಿದ್ದರು, ಅಷ್ಟೆ.

ಮುಂದಿನ ಸಲ ಪ್ರಶ್ನೆ ಬದಲಾಯಿಸಿದೆ. ಚೋಮನ ಕಿರಿಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದೂ, ಮುಟ್ಟಬಾರದವನ ಮಗ ಎಂಬ ಒಂದೇ ಕಾರಣಕ್ಕೆ ಅವನಿಗೆ ಕೈ ಸಿಗುವುದಿಲ್ಲ. ‘ಆ ದಡದಲ್ಲಿ ನೀವಿದ್ದಿದ್ದರೆ?’ ಎಂದೆ. ಎಲ್ಲರೂ ಧುಮುಕುವವರೇ. ‘ಸರಿ, ನಮ್ಮೂರಲ್ಲಿ ನೀವು ಧುಮುಕದೆ ನಿಂತದ್ದು ಯಾವಾಗ?’ ಎಂದು ಕೇಳಿದೆ. ಬಹಳ ಹೊತ್ತು ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಬ್ಯಾಂಕಿನ ಗುಮಾಸ್ತರೊಬ್ಬರು ಎದ್ದು ನಿಂತರು. ತಂಗಿಯ ಮದುವೆಯಲ್ಲಿ, ಛತ್ರದ ಎಲೆ ತೆಗೆಯಲು ಬಂದಿದ್ದ ಹೆಂಗಸಿಗೆ ಹಿಂದಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕವರಿಗೆ ಅನ್ನ, ಸಾರು, ಪಾಯಸ ಎಲ್ಲವನ್ನೂ ಒಂದರ ಮೇಲೊಂದು ಸುರಿದು ಕೊಟ್ಟರಂತೆ. ‘ಕವರಿನ ಬಾಯಿ ಅಗಲ ಮಾಡಿ ಹಿಡಿದುಕೊಂಡಿದ್ದವನು ನಾನೇ ಸಾರ್’ ಅಂದರು. ನಮ್ಮ ಕೂಟ ಶುರುವಾದದ್ದು ಆವತ್ತು ಎಂದೇ ನನ್ನ ಎಣಿಕೆ.

2. ವಾಕ್ಯದಲ್ಲಿ ಕರ್ತೃಪದ ಎಲ್ಲಿದೆ, ಹುಡುಕಿ

ಇದು ವ್ಯಾಕರಣ ಹೇಳಿಕೊಟ್ಟವನ ಚಾಳಿ ಇರಬಹುದು. ಆದರೂ ಇದರಷ್ಟು ನನಗೆ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ವಿದ್ಯಾರ್ಥಿಗಳು ಬರೆಯುತ್ತಾರೆ: ‘ಚೋಮನಿಗೆ ಭೂಮಿ ಸಿಗಲಿಲ್ಲ’, ‘ಅವನ ಸಾಲ ತೀರಲಿಲ್ಲ’, ‘ಅವನ ಮಗಳು ಬೆಳ್ಳಿಗೆ ಅನ್ಯಾಯವಾಯಿತು’. ಕನ್ನಡದಲ್ಲಿ ಮಾಡಿದವನ ಹೆಸರೆತ್ತದೆ ಎಷ್ಟು ಸಲೀಸಾಗಿ ವಾಕ್ಯ ಮುಗಿಸಬಹುದು, ನೋಡಿ. ಕೆಂಪು ಶಾಯಿಯಲ್ಲಿ ನಾನು ಒಂದೇ ಪದ ಬರೆಯುತ್ತೇನೆ: ಯಾರು? ಭೂಮಿ ಕೊಡದವರು ಯಾರು? ಸಾಲದ ಲೆಕ್ಕ ಯಾರ ಪುಸ್ತಕದಲ್ಲಿತ್ತು? ಬೆಳ್ಳಿಯ ಮೈಯನ್ನು ಬಡ್ಡಿಯೆಂದು ವಸೂಲು ಮಾಡಿ ಆ ಸಾಲವನ್ನು ಹೊಡೆದುಹಾಕಿದವರು ಯಾರು?

ಈ ‘ಯಾರು’ ಬೆನ್ನು ಹತ್ತಿ ಹೋದರೆ ಕಥೆಯಿಂದ ಕಾನೂನಿಗೆ ಬಂದು ನಿಲ್ಲುತ್ತೇವೆ. ಸಿನಿಮಾ ಬರುವುದಕ್ಕೆ ಒಂದು ವರ್ಷ ಮುಂಚೆ, 1974ರ ಮಾರ್ಚ್ 1ರಿಂದ, ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ‘ಹಾಗಾದರೆ ಚೋಮ ಇನ್ನೊಂದಷ್ಟು ವರ್ಷ ಬದುಕಿದ್ದರೆ ಅವನಿಗೂ ಭೂಮಿ ಸಿಗುತ್ತಿತ್ತಲ್ಲವೇ?’ ಎಂದು ಒಬ್ಬ ಹುಡುಗಿ ಕೇಳಿದಳು. ಇಡೀ ತರಗತಿ ಕೂತು ಲೆಕ್ಕ ಹಾಕಿದೆವು. ಆ ಕಾನೂನು ಹೇಳಿದ ‘ಉಳುವವನಿಗೆ ಭೂಮಿ’ ಅಂದರೆ ಗೇಣಿದಾರನಿಗೆ ಭೂಮಿ. ಚೋಮ ಗೇಣಿದಾರನೇ ಅಲ್ಲ. ಎತ್ತಿದ್ದವು, ತೋಳಿನಲ್ಲಿ ಕಸುವಿತ್ತು. ಗೇಣಿಗಾದರೂ ಒಂದು ತುಂಡು ನೆಲ ಕೊಡಿ ಅನ್ನುವುದೇ ಅವನ ಜನ್ಮದ ಆಸೆ. ಆ ಆಸೆ ಈಡೇರಿದ್ದರಲ್ಲವೇ ಅರ್ಜಿ ಹಾಕುವುದು! ಚೋಮನಂಥವರ ಜೀತವನ್ನು ರದ್ದು ಮಾಡಿದ ಕಾಯಿದೆಯೂ 1976ರದು, ಸಿನಿಮಾ ತಯಾರಾದ ಮೇಲಿನದು. ಆ ದಿನ ಯಾರೂ ಅಳಲಿಲ್ಲ. ಮನೆಗೆ ಹೋಗಿ ಅಜ್ಜನ ಕಾಲದ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಿಕೊಂಡು ಬಂದವರು ಮೂವರಿದ್ದರು.

3. ಕೇರಿಯ ಹುಡುಗನನ್ನು ಸಾಕ್ಷಿ ಹೇಳಲು ನಿಲ್ಲಿಸಬೇಡಿ

ಈ ಪಾಠವನ್ನು ನಾನು ಕಲಿತದ್ದು ಒಬ್ಬ ಹುಡುಗನನ್ನು ನೋಯಿಸಿ. ದೇವನೂರ ಮಹಾದೇವರ ‘ಒಡಲಾಳ’ ಪಾಠ ನಡೆಯುತ್ತಿತ್ತು. ಉತ್ಸಾಹದಲ್ಲಿ ಹಿಂದಿನ ಬೆಂಚಿನ ಹುಡುಗನ ಕಡೆ ತಿರುಗಿ, ‘ನಿಮ್ಮ ಕಡೆಯೂ ಹೀಗೇ ಏನಪ್ಪಾ? ಸ್ವಲ್ಪ ಹೇಳು’ ಅಂದೆ. ಅರವತ್ತು ಮುಖ ಒಟ್ಟಿಗೆ ಅವನ ಕಡೆ ತಿರುಗಿದವು. ಅವನು ಪುಸ್ತಕದ ರಟ್ಟನ್ನು ಉಗುರಿನಿಂದ ಕೆರೆಯುತ್ತ ಕೂತ. ಅಲ್ಲಿಯವರೆಗೆ ಅವನು ಆ ತರಗತಿಯಲ್ಲಿ ಕಬಡ್ಡಿ ಚೆನ್ನಾಗಿ ಆಡುವ ಹುಡುಗನಾಗಿದ್ದ. ನನ್ನ ಒಂದು ಮಾತು ಅವನನ್ನು ಒಂದು ಜಾತಿ ಮಾಡಿ ನಿಲ್ಲಿಸಿತು. ಎಂಟು ದಿನ ಕಾಲೇಜಿಗೆ ಬರಲಿಲ್ಲ.

ನಾನೇ ಅವನನ್ನು ಹುಡುಕಿಕೊಂಡು ಹೋಗಿ, ತಪ್ಪಾಯಿತು ಎಂದೆ. ಅವನು ಏನೂ ಅನ್ನಲಿಲ್ಲ. ತಿಂಗಳಾದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಒಡಲಾಳ ನಾನು ಓದ್ತೀನಿ ಸಾರ್. ಆದ್ರೆ ಪ್ರಶ್ನೆ ಕೇಳ್ಬೇಡಿ’ ಅಂದ. ಅಂದಿನಿಂದ ಕೂಟದಲ್ಲಿ ನಮ್ಮದು ಒಂದೇ ಕಟ್ಟಳೆ: ಯಾರನ್ನೂ ಅವರ ಜಾತಿಯ, ಧರ್ಮದ, ಮನೆಯ ಪರವಾಗಿ ಮಾತಾಡಿ ಎಂದು ಕೇಳಕೂಡದು. ತಾವಾಗಿ ಹೇಳಿದರೆ ನಡುವೆ ಬಾಯಿ ಹಾಕಕೂಡದು.

4. ನಗು ಬಂದಲ್ಲಿ ನಗಲಿ

ಆ ಹುಡುಗ ‘ಒಡಲಾಳ’ ಓದಿದ. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಯವರೆಲ್ಲ ರಾತ್ರಿ ಬೆಂಕಿಯ ಸುತ್ತ ಕೂತು ಸುಟ್ಟು ತಿನ್ನುವ ಭಾಗ. ಬೆಳಕು ಹರಿಯುವಷ್ಟರಲ್ಲಿ ಒಂದು ಸಿಪ್ಪೆಯೂ ಉಳಿಯಬಾರದು. ಪುಸ್ತಕದಲ್ಲಿ ಕಣ್ಣಾಡಿಸಿದಾಗ ತೊಡಕೆನಿಸಿದ್ದ ಆ ಭಾಷೆ ಅವನ ಬಾಯಲ್ಲಿ ನೀರು ಹರಿದಂತೆ ಹರಿಯಿತು. ಚಾಮರಾಜನಗರದ ಕಡೆಯ ಆ ರಾಗ ಅವನ ಮನೆಯ ರಾಗವೇ. ತರಗತಿ ಹೊಟ್ಟೆ ತುಂಬ ನಕ್ಕಿತು, ಅವನೂ ನಕ್ಕ. ಮುಂದಿನ ಸಾಲಿನ ಹುಡುಗಿಯೊಬ್ಬಳು ಆಮೇಲೆ ಅಳುಕುತ್ತ ಕೇಳಿದಳು, ‘ಬಡವರ ಕಥೆ ಓದುವಾಗ ನಗಬಹುದಾ ಸಾರ್?’ ನಗಬೇಕು. ಆ ರಾತ್ರಿ ಆ ಮನೆಯವರು ಹಬ್ಬ ಮಾಡುತ್ತಿದ್ದಾರೆ. ಮಗಳು ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಅವರಿಗೂ ರುಚಿ ಇದೆ, ಹಟ ಇದೆ, ಜಗಳ ಇದೆ. ಅವರನ್ನು ಬರೀ ನೊಂದವರನ್ನಾಗಿ ನೋಡಿದರೆ ಮಹಾದೇವ ಬರೆದದ್ದರಲ್ಲಿ ಮುಕ್ಕಾಲು ಪಾಲು ನಮಗೆ ದಕ್ಕುವುದೇ ಇಲ್ಲ. ಬೆಳಿಗ್ಗೆ ಪೊಲೀಸರು ಆ ಮನೆಗೆ ನುಗ್ಗುವಾಗ ಹೊಟ್ಟೆಯಲ್ಲಿ ಕಲಸಿದಂತಾಗುವುದೂ ರಾತ್ರಿ ಅವರ ಜೊತೆ ಕೂತು ನಕ್ಕವರಿಗೇ.

5. ‘ಅವರಲ್ಲಿ ಹೀಗೇ’ ಅನ್ನುವ ಮಾತು ಬಂದರೆ ಎಚ್ಚರ

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳುತ್ತ ಮಕ್ಕಳೊಂದಿಗೆ ಮಸೀದಿಯ ಮುಂದೆ ಕೂರುತ್ತಾಳೆ. ಗಿರೀಶ ಕಾಸರವಳ್ಳಿಯವರು ಅದನ್ನು ‘ಹಸೀನಾ’ ಎಂದು 2004ರಲ್ಲಿ ಸಿನಿಮಾ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಾವು ತೋರಿಸಿದ ದಿನ ‘ಅವರಲ್ಲಿ ಹೀಗೇ’ ಎಂದು ನಾಲ್ಕು ಕಡೆಯಿಂದ ಕೇಳಿಬಂತು. ಮುಸ್ಲಿಂ ಹುಡುಗಿಯರಿಬ್ಬರು ಎದ್ದುಹೋದರು. ತಮ್ಮವರ ಬಗ್ಗೆ ತಮ್ಮೊಳಗಿನಿಂದಲೇ ಒಬ್ಬ ಹೆಂಗಸು ಎತ್ತಿದ ದನಿಯನ್ನು ನಾವು ಕಿತ್ತುಕೊಂಡು ಅದರಿಂದಲೇ ಆ ಹುಡುಗಿಯರಿಗೆ ಹೊಡೆದಿದ್ದೆವು.

ಅಂದಿನಿಂದ ‘ಹಸೀನಾ’ ಜೊತೆಗೆ ‘ಫಣಿಯಮ್ಮ’ವನ್ನೂ ತೋರಿಸುತ್ತೇನೆ. ಎಂ.ಕೆ. ಇಂದಿರಾ ಅವರ 1976ರ ಕಾದಂಬರಿ, ಪ್ರೇಮಾ ಕಾರಂತರ 1983ರ ಸಿನಿಮಾ. ಸಂಸಾರ ಅಂದರೇನೆಂದು ತಿಳಿಯುವ ಮುಂಚೆಯೇ ವಿಧವೆಯಾಗಿ ತಲೆ ಬೋಳಿಸಿಕೊಂಡ ಮಲೆನಾಡಿನ ಬ್ರಾಹ್ಮಣ ಹೆಣ್ಣುಮಗಳು ಮುದಿವಯಸ್ಸಿನಲ್ಲಿ, ತಲೆ ಕೊಡುವುದಿಲ್ಲ ಎಂದು ಹಟ ಹಿಡಿದ ಎಳೆಯ ವಿಧವೆ ದಾಕ್ಷಾಯಿಣಿಯ ಬೆನ್ನಿಗೆ ನಿಲ್ಲುತ್ತಾಳೆ. ಎರಡನ್ನೂ ಒಟ್ಟಿಗೆ ನೋಡಿದವರ ಬಾಯಲ್ಲಿ ‘ಅವರಲ್ಲಿ’ ಹೋಗಿ ‘ನಮ್ಮಲ್ಲಿ’ ಬರುತ್ತದೆ. 2025ರಲ್ಲಿ ಬಾನು ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಆ ಕಥೆಗಳನ್ನು ಕೇಳಿಕೊಂಡು ನಮ್ಮ ಕೂಟಕ್ಕೆ ಹೊಸಬರು ಬಂದರು. ಅವರಿಗೂ ಮೊದಲು ಕೊಟ್ಟದ್ದು ‘ಫಣಿಯಮ್ಮ’.

6. ಸಿನಿಮಾ ಮುಗಿದ ಕೂಡಲೇ ದೀಪ ಹಾಕಬೇಡಿ

‘ಘಟಶ್ರಾದ್ಧ’ ಸಿನಿಮಾ ಕಲಿಸಿದ ಪಾಠ ಇದು. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಮುಗಿಸಿದ್ದಾನೆ. ತಲೆ ಬೋಳಿಸಿದ ಯಮುನಕ್ಕ ಮರದಡಿ ಒಬ್ಬಳೇ ಕೂತಿದ್ದಾಳೆ. ಅವಳನ್ನು ಹಚ್ಚಿಕೊಂಡಿದ್ದ ಪುಟ್ಟ ಹುಡುಗ ನಾಣಿಯನ್ನು ಅವನ ಅಪ್ಪ ಕರೆದುಕೊಂಡು ಹೊರಟಿದ್ದಾನೆ. ಅಷ್ಟು ನೋಡಿದವರಿಗೆ ತಕ್ಷಣ ಮೈಕು ಕೊಟ್ಟರೆ ಬಾಯಿಗೆ ಬರುವುದು ಭಾಷಣ. ಐದು ನಿಮಿಷ ಕತ್ತಲಲ್ಲಿ ಕೂರಲಿ. ಆಮೇಲೆ ಚೀಟಿಯಲ್ಲಿ, ಹೆಸರು ಹಾಕದೆ, ನಾಲ್ಕು ಸಾಲು ಬರೆಯಲಿ.

7. ಸ್ವಂತ ಕಷ್ಟ ಹೇಳಿಕೊಂಡವರಿಗೆ ಸಭೆಯಲ್ಲಿ ಬುದ್ಧಿ ಹೇಳಬೇಡಿ

ಆ ಚೀಟಿಗಳಲ್ಲಿ ಒಮ್ಮೊಮ್ಮೆ ಸಿನಿಮಾದ ಮಾತೇ ಇರುವುದಿಲ್ಲ. ‘ನನ್ನ ಗಂಡನೂ’ ಎಂದು ಶುರುವಾಗುತ್ತದೆ. ಅಂಥದ್ದನ್ನು ಗಟ್ಟಿಯಾಗಿ ಓದುವುದಿಲ್ಲ. ಕೂಟದ ಹಿರಿಯ ಅಂಗನವಾಡಿ ಟೀಚರು ಬಾಗಿಲ ಬಳಿ ನಿಂತಿರುತ್ತಾರೆ. ಬರೆದವರು ಬಯಸಿದರೆ ಅವರ ಹತ್ತಿರ ಮಾತಾಡುತ್ತಾರೆ. ಮಹಿಳಾ ಸಹಾಯವಾಣಿ 181 ಅನ್ನು ಬೋರ್ಡಿನ ಮೂಲೆಯಲ್ಲಿ ಬರೆದಿರುತ್ತೇವೆ.

8. ಫಲ ಕಾಣಬೇಕೆಂದು ಅವಸರ ಮಾಡಬೇಡಿ, ಕೇಳಲೂ ಬೇಡಿ

ನಾಲ್ಕು ವರ್ಷದಿಂದ ಬರುತ್ತಿದ್ದ, ಒಂದು ದಿನವೂ ಬಾಯಿ ಬಿಡದ ಒಬ್ಬ ರೈತರಿದ್ದರು. ಹೊಳೆಯ ದಡದ ಪ್ರಶ್ನೆ ಕೇಳಿದ ಎಷ್ಟೋ ತಿಂಗಳ ಮೇಲೆ, ಕುರ್ಚಿ ಜೋಡಿಸುತ್ತ ನನ್ನ ಹತ್ತಿರ ಬಂದರು. ಅವರ ಮನೆಯಲ್ಲಿ ಆಳುಗಳ ಟೀಗೆಂದು ಬೇರೆ ಸ್ಟೀಲ್ ಲೋಟಗಳಿದ್ದವಂತೆ, ಕೊಟ್ಟಿಗೆಯ ಗೂಡಿನಲ್ಲಿ, ತಳಕ್ಕೆ ಸಗಣಿಯ ಕಲೆ ಹಿಡಿದವು. ಕುಡಿದವರೇ ತೊಳೆದು ಕವುಚಿಡಬೇಕು. ‘ಅವನ್ನ ತಂದು ಒಳಗಿನ ಸ್ಟ್ಯಾಂಡಿಗೆ ಹಾಕ್ದೆ ಸಾರ್, ನಮ್ಮ ಲೋಟದ ಜೊತೆ ಬೆರೆಸಿಬಿಟ್ಟೆ. ಅವ್ವ ನಾಕು ದಿನದಿಂದ ಮಾತು ಬಿಟ್ಟವ್ರೆ’ ಅಂದರು.

ಮುಂದಿನ ಶನಿವಾರ ನಾನು ಕೇಳಲಿಲ್ಲ. ಅದರ ಮುಂದಿನ ಶನಿವಾರವೂ ಕೇಳಲಿಲ್ಲ. ಮೂರನೆಯ ಸಲ ಅವರೇ ಹೇಳಿದರು: ಅವ್ವ ಇನ್ನೂ ಮಾತಾಡಿಲ್ಲ, ತಮ್ಮೊಬ್ಬರ ಲೋಟಕ್ಕೆ ಗುರುತಿಗೆ ಕೆಂಪು ದಾರ ಕಟ್ಟಿಕೊಂಡಿದ್ದಾರೆ. ಮಿಕ್ಕ ಲೋಟಗಳೆಲ್ಲ ಸ್ಟ್ಯಾಂಡಿನಲ್ಲೇ ಇವೆ.