ಮನೆ ಬಳಕೆಗೆ ಮಧ್ಯಮ ಗಾತ್ರದ ಚೈನ್ ಸಾ: ಆಯ್ಕೆ ಮತ್ತು ಪರೀಕ್ಷೆ

ಮಲೆನಾಡಿನ ಹಿಡುವಳಿಗಳಲ್ಲಿ ಮರ ಕೊಯ್ಯುವ ಕೆಲಸ ವರ್ಷವಿಡೀ ಇದ್ದೇ ಇರುತ್ತದೆ. ಮಳೆಗಾಲದ ಗಾಳಿಗೆ ತೋಟದ ಮೇಲೆ ಉರುಳಿದ ಮರವನ್ನು ತೆರವು ಮಾಡಬೇಕು. ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಒಲೆಗೂ ಸೌದೆ ಆಗಬೇಕು. ಕಾಫಿ ತೋಟದಲ್ಲಿ ಮರಗಸಿ ಮಾಡಿ ಕೆಡವಿದ ಕೊಂಬೆಗಳನ್ನು ತುಂಡು ಮಾಡಬೇಕು. ಇಬ್ಬರು ಹಿಡಿದು ಎಳೆಯುವ ಗರಗಸದಿಂದ ಬಹಳ ಹೊತ್ತು ಹಿಡಿಯುವ ಈ ಕೆಲಸವನ್ನು ಚೈನ್ ಸಾ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಆಳುಗಳ ಅಭಾವದಿಂದಾಗಿ ಈ ಯಂತ್ರ ಈಗ ಅನೇಕ ರೈತರ ಮನೆ ಸೇರಿದೆ.

ಆದರೆ ಕೊಳ್ಳುವಾಗ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಸಿ.ಸಿ.? ಎಷ್ಟು ಬೆಲೆ? ಇವೆರಡರಿಂದಲೇ ಯಂತ್ರದ ಯೋಗ್ಯತೆ ತಿಳಿಯುವುದಿಲ್ಲ. ಆಯ್ಕೆ ತಪ್ಪಿದರೆ ಹಣ ವ್ಯರ್ಥವಾಗುವುದಲ್ಲದೆ ಕೈಕಾಲಿಗೂ ಪ್ರಾಣಕ್ಕೂ ಅಪಾಯ ಬರಬಹುದು. ಆದುದರಿಂದ ದೊಡ್ಡ ಯಂತ್ರವನ್ನಲ್ಲ, ಕೆಲಸಕ್ಕೆ ತಕ್ಕ ಯಂತ್ರವನ್ನು ಆರಿಸುವುದು ಮುಖ್ಯ.

ಮೊದಲು ಕೆಲಸದ ಲೆಕ್ಕ

ಅಂಗಡಿಗೆ ಹೋಗುವ ಮೊದಲು ತೋಟವನ್ನೊಮ್ಮೆ ಸುತ್ತಿ, ಸಾಮಾನ್ಯವಾಗಿ ಕೊಯ್ಯಬೇಕಾಗುವ ಮರಗಳ ಸುತ್ತಳತೆಯನ್ನು ಹಗ್ಗದಿಂದ ಅಳೆಯಿರಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಮರದ ವ್ಯಾಸ ಸಿಗುತ್ತದೆ. ಉದಾಹರಣೆಗೆ, ಸುತ್ತಳತೆ 110 ಸೆಂ.ಮೀ. ಇದ್ದರೆ ವ್ಯಾಸ ಸುಮಾರು 35 ಸೆಂ.ಮೀ., ಅಂದರೆ 14 ಅಂಗುಲ. ಬಾರ್ ಇದಕ್ಕಿಂತ ಎರಡು ಅಂಗುಲ ಉದ್ದವಿದ್ದರೆ ಒಂದೇ ಬದಿಯಿಂದ ಕೊಯ್ಯಬಹುದು. ಹೀಗೆ 16 ಅಂಗುಲದ ಬಾರ್ ಸಾಕಾಗುತ್ತದೆ. ವರ್ಷಕ್ಕೊಮ್ಮೆ ಬರುವ ಒಂದು ದಪ್ಪ ಮರಕ್ಕಾಗಿ ಉದ್ದದ ಬಾರ್ ಕೊಳ್ಳಬೇಕಾಗಿಲ್ಲ.

ವರ್ಷಕ್ಕೆ ಮೂರು ನಾಲ್ಕು ದಿನದ ಕೆಲಸ ಮಾತ್ರ ಇರುವವರಿಗೆ ಬಾಡಿಗೆ ಯಂತ್ರವೇ ಲಾಭಕರ. ಮನೆಯ ಹತ್ತಿರ ಸಣ್ಣ ಕೊಂಬೆಗಳನ್ನಷ್ಟೇ ಕೊಯ್ಯುವವರಿಗೆ ಬ್ಯಾಟರಿಯಿಂದ ನಡೆಯುವ ಸಣ್ಣ ಚೈನ್ ಸಾ ಸಾಕು. ಸೌದೆ, ದಿಮ್ಮಿ, ಬಿದ್ದ ಮರ ಈ ಮೂರೂ ಕೆಲಸ ಇರುವವರಿಗೆ ಪೆಟ್ರೋಲಿನ ಮಧ್ಯಮ ಗಾತ್ರದ ಯಂತ್ರ ಸೂಕ್ತ.

ಎಂಜಿನ್

ಮಧ್ಯಮ ಗಾತ್ರವೆಂದರೆ ಸಾಮಾನ್ಯವಾಗಿ 40ರಿಂದ 55 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್. ಪೆಟ್ಟಿಗೆಯ ಮೇಲೆ ಬರೆದ ಸಿ.ಸಿ.ಯನ್ನು ಕಣ್ಣು ಮುಚ್ಚಿ ನಂಬಬಾರದು. ಕೈಪಿಡಿಯಲ್ಲಿ ಸಿಲಿಂಡರಿನ ವ್ಯಾಸವನ್ನೂ ಪಿಸ್ಟನ್ನಿನ ಚಲನೆಯ ಉದ್ದವನ್ನೂ ಕೊಟ್ಟಿದ್ದರೆ ನೀವೇ ಲೆಕ್ಕ ಹಾಕಬಹುದು. ವ್ಯಾಸ 4.5 ಸೆಂ.ಮೀ., ಚಲನೆ 3.2 ಸೆಂ.ಮೀ. ಇದ್ದರೆ 4.5 × 4.5 × 3.2 × 0.785 = ಸುಮಾರು 51 ಸಿ.ಸಿ. ಈ ಲೆಕ್ಕಕ್ಕೂ ಪೆಟ್ಟಿಗೆಯ ಬರಹಕ್ಕೂ ದೊಡ್ಡ ವ್ಯತ್ಯಾಸವಿದ್ದರೆ ಆ ಯಂತ್ರದ ಉಳಿದ ಅಂಕಿಗಳನ್ನೂ ಸಂಶಯದಿಂದಲೇ ನೋಡಬೇಕು.

ಸಿ.ಸಿ.ಗಿಂತ ಶಕ್ತಿ ಮತ್ತು ತೂಕಗಳನ್ನು ಹೋಲಿಸುವುದು ಮೇಲು. ಶಕ್ತಿಯನ್ನು ಕಿಲೋವಾಟ್‌ಗಳಲ್ಲಿ ಬರೆದಿರುತ್ತಾರೆ. ಒಂದು ಕಿಲೋವಾಟ್ ಎಂದರೆ ಸುಮಾರು 1.34 ಅಶ್ವಶಕ್ತಿ. ತೂಕವನ್ನು ಬಾರ್ ಮತ್ತು ಚೈನ್ ಇಲ್ಲದೆ, ಟ್ಯಾಂಕ್ ಖಾಲಿಯಿರುವಾಗ ಹೇಳುವುದು ವಾಡಿಕೆ. 5 ಕಿಲೋ ಎಂದು ಬರೆದ ಯಂತ್ರ ಕೆಲಸಕ್ಕೆ ಸಿದ್ಧವಾದಾಗ ಆರೂವರೆ ಕಿಲೋ ಮೀರಬಹುದು. ದಣಿದ ತೋಳಿನಲ್ಲಿ ಗರಗಸ ಹತೋಟಿ ತಪ್ಪುತ್ತದೆ ಎಂಬುದನ್ನು ಮರೆಯಬಾರದು.

ಬಾರ್ ಮತ್ತು ಚೈನ್

ಈ ಎಂಜಿನ್‌ಗೆ 16ರಿಂದ 18 ಅಂಗುಲದ ಬಾರ್ ಹೊಂದುತ್ತದೆ. ಸಣ್ಣ ಎಂಜಿನ್‌ಗೆ 20–22 ಅಂಗುಲದ ಬಾರ್ ಹಾಕಿ ಮಾರುವುದುಂಟು. ಇದರಿಂದ ಮೂತಿ ಭಾರವಾಗುತ್ತದೆ, ದಪ್ಪ ಮರದಲ್ಲಿ ಚೈನಿನ ವೇಗ ಕುಗ್ಗುತ್ತದೆ, ಎಂಜಿನ್ ಬೇಗ ಸವೆಯುತ್ತದೆ.

ಇಂದಿನ ಚೈನಿನ ಹಲ್ಲಿಗೆ ಮಾದರಿಯಾದದ್ದು ಒಂದು ಹುಳು. ಅಮೆರಿಕದ ಜೋ ಕಾಕ್ಸ್ ಎಂಬಾತ 1946ರಲ್ಲಿ, ಮರದ ಬುಡದೊಳಗೆ ಜೀರುಂಡೆಯ ಮರಿಹುಳು ತನ್ನ ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಗಟ್ಟಿ ಮರವನ್ನು ಸಲೀಸಾಗಿ ಕೊರೆಯುವುದನ್ನು ಕಂಡು, ಎಡ ಬಲ ಬಾಗಿದ ಹಲ್ಲುಗಳ ಚೈನನ್ನು ರೂಪಿಸಿದ. ಕಾಂಡಕೊರಕದ ಹಾವಳಿ ಬಲ್ಲ ನಮ್ಮ ರೈತರಿಗೆ ಆ ದವಡೆಯ ಶಕ್ತಿಯನ್ನು ಬೇರೆ ಹೇಳಬೇಕಾಗಿಲ್ಲ. ಈ ಹಲ್ಲು ಹರಿತವಿಲ್ಲದಿದ್ದರೆ ಎಷ್ಟು ಸಿ.ಸಿ. ಇದ್ದರೂ ಪ್ರಯೋಜನವಿಲ್ಲ.

ಬದಲಿ ಚೈನ್ ಕೊಳ್ಳಲು ಪಿಚ್, ಗೇಜ್ ಮತ್ತು ಡ್ರೈವ್ ಲಿಂಕ್‌ಗಳ ಸಂಖ್ಯೆ ಈ ಮೂರೂ ಬೇಕು. ಮೊದಲ ದಿನವೇ ಇವನ್ನು ಬರೆದಿಟ್ಟುಕೊಳ್ಳಿ. 0.325 ಅಂಗುಲ ಪಿಚ್‌ನ ಚೈನಿಗೆ 4.8 ಮಿ.ಮೀ. ದಪ್ಪದ ಉರುಟು ಅರ ಬಳಸಬೇಕು.

ಇರಲೇಬೇಕಾದ ಸುರಕ್ಷಾ ಭಾಗಗಳು

ಬಾರಿನ ಮೂತಿಯ ಮೇಲ್ಭಾಗ ಕೊಂಬೆಗೋ ದಿಮ್ಮಿಗೋ ತಾಗಿದರೆ ಗರಗಸ ಕ್ಷಣಾರ್ಧದಲ್ಲಿ ಕೊಯ್ಯುವವನ ಮುಖದ ಕಡೆಗೆ ಒದೆಯುತ್ತದೆ. ಅನೇಕ ಭೀಕರ ಗಾಯಗಳು ಆಗುವುದು ಹೀಗೆಯೇ. ಆದುದರಿಂದ ಕೆಳಗಿನವು ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

• ಮುಂಗೈ ರಕ್ಷಕ ಹಾಗೂ ಅದರೊಂದಿಗೆ ಕೂಡಿದ ಚೈನ್ ಬ್ರೇಕ್
• ಹಿಡಿಯನ್ನು ಪೂರ್ತಿ ಹಿಡಿಯದೆ ಒತ್ತಲಾಗದ ಆಕ್ಸಿಲರೇಟರ್ ಲಾಕ್
• ತುಂಡಾದ ಚೈನನ್ನು ತಡೆಯುವ ಕೊಕ್ಕೆ ಮತ್ತು ಹಿಂಬದಿಯ ಕೈ ರಕ್ಷಕ
• ಕಂಪನ ತಡೆಯುವ ರಬ್ಬರ್ ಅಥವಾ ಸ್ಪ್ರಿಂಗ್
• ಹೆಬ್ಬೆರಳಿಗೆ ಎಟುಕುವ ನಿಲುಗಡೆ ಸ್ವಿಚ್

ಹಣ ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆ

1. ಎಂಜಿನ್ ಆರಿಸಿ ಮುಂದಿನ ಹಿಡಿಯಿಂದ ಎತ್ತಿ ನೋಡಿ. ಬಾರ್ ಹೆಚ್ಚು ಕಡಿಮೆ ಸಮತಲದಲ್ಲಿ ನಿಲ್ಲಬೇಕು.

2. ಗರಗಸವನ್ನು ನೆಲದ ಮೇಲೆ ಗಟ್ಟಿಯಾಗಿ ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿಸಿ. ಬಿಸಿಯಾದ ಎಂಜಿನ್ ಮತ್ತೆ ಒಂದೆರಡು ಎಳೆತಕ್ಕೆ ಚಾಲೂ ಆಗಬೇಕು.

3. ಆಕ್ಸಿಲರೇಟರ್ ಬಿಟ್ಟಾಗ ಚೈನ್ ಪೂರ್ತಿ ನಿಲ್ಲಬೇಕು. ನಿಧಾನವಾಗಿಯಾದರೂ ತಿರುಗುತ್ತಿದ್ದರೆ ಸರಿಪಡಿಸದೆ ಒಯ್ಯಬಾರದು.

4. ಪೂರ್ಣ ವೇಗದಲ್ಲಿ ಹಿಡಿ ಬಿಡದೆ ಮಣಿಕಟ್ಟಿನಿಂದ ಮುಂಗೈ ರಕ್ಷಕವನ್ನು ಮುಂದಕ್ಕೆ ತಳ್ಳಿದರೆ ಚೈನ್ ತಕ್ಷಣ ನಿಲ್ಲಬೇಕು.

5. ಬಾರಿನ ಮೂತಿಯನ್ನು ಬಿಳಿ ಕಾಗದದಿಂದ ಒಂದು ಗೇಣು ದೂರ ಹಿಡಿದು ವೇಗ ಹೆಚ್ಚಿಸಿ. ಒಂದು ನಿಮಿಷದೊಳಗೆ ಕಾಗದದ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರಿಗೆ ಎಣ್ಣೆ ಹೋಗುತ್ತಿಲ್ಲ.

6. ಒಂದು ದಿಮ್ಮಿ ಕೊಯ್ಯಿಸಿ ನೋಡಿ. ಒತ್ತದೆಯೇ ಚೈನ್ ಇಳಿಯಬೇಕು. ದಪ್ಪ ಚಕ್ಕೆ ಬಿದ್ದರೆ ಹರಿತ ಸರಿ ಇದೆ, ನುಣ್ಣನೆಯ ಪುಡಿ ಬಿದ್ದರೆ ಮೊಂಡಾಗಿದೆ ಎಂದು ತಿಳಿಯಬೇಕು.

ಇಷ್ಟಾದ ಮೇಲೆ ಬಿಡಿಭಾಗಗಳ ಬಗ್ಗೆ ವಿಚಾರಿಸಿ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಚೈನ್, ಸ್ಪ್ರಾಕೆಟ್, ಸ್ಟಾರ್ಟರ್ ಹಗ್ಗ ಇವು ತಾಲ್ಲೂಕು ಕೇಂದ್ರದಲ್ಲಾದರೂ ಸಿಗಬೇಕು. ದುರಸ್ತಿ ಮಾಡುವವರು ಹತ್ತಿರವಿಲ್ಲದಿದ್ದರೆ ಒಳ್ಳೆಯ ಯಂತ್ರವೂ ಮೂಲೆ ಸೇರುತ್ತದೆ.

ಇಂಧನ ಮತ್ತು ನಿರ್ವಹಣೆ

ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಟೂ-ಸ್ಟ್ರೋಕ್ ಎಣ್ಣೆ ಬೆರೆಸಬೇಕು. ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿದರೆ ಪಿಸ್ಟನ್ ಸ್ವಲ್ಪ ಹೊತ್ತಿನಲ್ಲೇ ಕಚ್ಚಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಹೀರುವುದರಿಂದ ತಿಂಗಳುಗಟ್ಟಲೆ ಯಂತ್ರ ಬಳಸದಿದ್ದರೆ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿಡಬೇಕು. ಬಾರಿಗೆ ಸುಟ್ಟ ಎಂಜಿನ್ ಎಣ್ಣೆ ಹಾಕಬಾರದು. ಪೆಟ್ರೋಲ್ ತುಂಬುವಾಗಲೆಲ್ಲ ಬಾರ್ ಎಣ್ಣೆಯನ್ನೂ ತುಂಬಿ, ಚೈನಿನ ಬಿಗಿ ನೋಡಿ. ತೆಂಗಿನ ಕಾಂಡದ ಹೊರಭಾಗ ಬಹಳ ಗಟ್ಟಿ. ಅದು ಚೈನನ್ನು ಬೇಗ ಮೊಂಡು ಮಾಡುತ್ತದೆ. ಮಣ್ಣು ಮೆತ್ತಿದ ದಿಮ್ಮಿಯನ್ನು ಉಜ್ಜಿ ಶುಚಿ ಮಾಡಿ ಕೊಯ್ಯಬೇಕು.

ಎಚ್ಚರಿಕೆ

ಗಟ್ಟಿ ಬೂಟು, ಕನ್ನಡಕ, ಕಿವಿ ಮುಚ್ಚಳ, ಶಿರಸ್ತ್ರಾಣ, ಕಾಲಿನ ರಕ್ಷಾ ಕವಚ ಇವುಗಳ ಬೆಲೆಯನ್ನೂ ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು. ಲುಂಗಿ, ಪಂಚೆ ಉಟ್ಟು ಚೈನ್ ಸಾ ಹಿಡಿಯಬಾರದು. ಏಣಿಯ ಮೇಲೆ ನಿಂತು, ಒಂದೇ ಕೈಯಲ್ಲಿ ಹಿಡಿದು ಅಥವಾ ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬಾರದು. ಮರದ ಮೇಲೇರಿ ಮಾಡುವ ಮರಗಸಿಗೆ ಈ ಗಾತ್ರದ ಯಂತ್ರ ತಕ್ಕುದಲ್ಲ. ಬಿರುಗಾಳಿಗೆ ಬಿದ್ದು ಬಾಗಿ ನಿಂತ ಮರ ಕೊಯ್ದಾಗ ಬಿಲ್ಲಿನಂತೆ ಚಿಮ್ಮುತ್ತದೆ. ಅದನ್ನು ಅನುಭವಸ್ಥರಿಗೇ ಬಿಡುವುದು ಕ್ಷೇಮ. ಒಬ್ಬರೇ ಇರುವಾಗ ಕೆಲಸಕ್ಕೆ ಇಳಿಯಬಾರದು.

ಸ್ವಂತ ಜಮೀನಿನ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅನೇಕ ಜಾತಿಗಳನ್ನು ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್, ತೆಂಗು, ನೀಲಗಿರಿ ಮೊದಲಾದವುಗಳಿಗೆ ವಿನಾಯಿತಿ ಇದೆ. ಸಂದೇಹವಿದ್ದರೆ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ಒಟ್ಟಿನಲ್ಲಿ, ಸೌದೆ ಮತ್ತು ಬಿದ್ದ ಮರದ ಕೆಲಸವಿರುವ ಸಾಮಾನ್ಯ ರೈತನಿಗೆ 45–50 ಸಿ.ಸಿ. ಎಂಜಿನ್, 16 ಅಥವಾ 18 ಅಂಗುಲದ ಬಾರ್, ಕೆಲಸ ಮಾಡುವ ಚೈನ್ ಬ್ರೇಕ್, ಹತ್ತಿರದಲ್ಲೇ ದುರಸ್ತಿಯ ಅನುಕೂಲ ಇಷ್ಟಿದ್ದರೆ ಸಾಕು. ಉಳಿದ ಹಣದಲ್ಲಿ ಒಂದು ಹೆಚ್ಚುವರಿ ಚೈನ್, ಒಂದು ಅರ ಮತ್ತು ರಕ್ಷಣಾ ಉಡುಪು ಕೊಳ್ಳುವುದು ಜಾಣತನ.