ಬಗ್ಗಡವನ್ನುಣ್ಣುವ ಜೀವಿಗಳು

ಪಟ್ಟಣದ ಚರಂಡಿಯ ನೀರನ್ನು ತಿಳಿಗೊಳಿಸುವ ವಿದ್ಯೆಯು ನೀರಿನ ವಿಷಯದಲ್ಲಿ ಎಷ್ಟು ಸಫಲವಾಯಿತೋ, ಅದರಿಂದ ಬೇರ್ಪಟ್ಟ ಕೊಳೆಯ ವಿಷಯದಲ್ಲಿ ಅಷ್ಟು ಸಫಲವಾಗಲಿಲ್ಲ. ತಳದಲ್ಲಿ ನಿಲ್ಲುವ ಈ ಪದಾರ್ಥವನ್ನು ಆಂಗ್ಲರು 'ಸ್ಲಡ್ಜ್' ಎನ್ನುವರು. ಇದಕ್ಕಾಗಿ ಹೊಸದೊಂದು ಸಂಸ್ಕೃತ ಪದವನ್ನು ಟಂಕಿಸುವ ಶ್ರಮ ಬೇಡ. 'ಬಗ್ಗಡ' ಎಂಬ ನಮ್ಮ ಶಬ್ದವೇ ಸಾಲುವುದು.

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಒಂದು ಕ್ರಮವನ್ನು ಪ್ರಕಟಿಸಿದರು. ಚರಂಡಿಯ ನೀರಿಗೆ ಗಾಳಿಯನ್ನೂದಿ, ನಿಂತ ಬಗ್ಗಡವನ್ನು ಚೆಲ್ಲದೆ ಉಳಿಸಿಕೊಂಡು, ಅದಕ್ಕೆ ಮತ್ತೆ ಮತ್ತೆ ಹೊಸ ನೀರನ್ನು ಕೂಡಿಸಿದಾಗ ಶುದ್ಧಿಯು ತ್ವರೆಗೊಂಡಿತು. ಏಕೆಂದರೆ ಆ ಬಗ್ಗಡವು ಬರಿಯ ಹೊಲಸಲ್ಲ, ಅಸಂಖ್ಯಾತ ಬ್ಯಾಕ್ಟೀರಿಯಾಗಳ ಸಮೂಹ. ಅವು ಕಲ್ಮಷವನ್ನುಂಡು ಬೆಳೆಯುವುವು. ನೀರು ತಿಳಿಯಾದಂತೆ ಅವುಗಳ ರಾಶಿಯೂ ಬೆಳೆಯುವುದು. ಮ್ಯಾಂಚೆಸ್ಟರಿನವರು ಬಗ್ಗಡವನ್ನು ಹಡಗಿನಲ್ಲಿ ಒಯ್ದು ಕಡಲಿಗೆ ಸುರಿಯುತ್ತಿದ್ದರು. 1998ರ ಅಂತ್ಯಕ್ಕೆ ಬ್ರಿಟನ್ನಿನಲ್ಲಿ ಆ ಪದ್ಧತಿ ನಿಂತಿತು. ಇನ್ನುಳಿದುದು ಹೊಲಕ್ಕೆ ಹಾಕುವುದು, ಸುಡುವುದು, ಹೂಳುವುದು. ಎಲ್ಲವೂ ದುಡ್ಡಿನ ಮಾತು.

ಆದುದರಿಂದ ಬಗ್ಗಡವನ್ನು ಮತ್ತೊಂದು ಜೀವಿಗೆ ಉಣಿಸುವ ಯೋಚನೆ ಹುಟ್ಟಿತು. ಉಂಡದ್ದೆಲ್ಲ ಮೈಯಾಗುವುದಿಲ್ಲ. ಹಸುವು ಮೇದ ಹುಲ್ಲಿನ ತೂಕದಿಂದ ಸಗಣಿಯ ತೂಕವನ್ನು ಕಳೆದರೂ ಉಳಿದಷ್ಟು ಅದು ಬೆಳೆದಿರುವುದಿಲ್ಲ. ಒಂದು ಪಾಲು ಉಸಿರಾಗಿ ಗಾಳಿಗೆ ಸೇರಿರುವುದು. ಬ್ಯಾಕ್ಟೀರಿಯಾಗಳನ್ನು ಏಕಕೋಶಜೀವಿಗಳು ತಿನ್ನುವಾಗಲೂ ಹುಳುಗಳು ತಿನ್ನುವಾಗಲೂ ಇದೇ ನ್ಯಾಯ. ಪ್ರತಿಯೊಂದು ಊಟದಲ್ಲಿಯೂ ರಾಶಿಯು ಕರಗುವುದು.

ಈ ಕಾರ್ಯಕ್ಕೆ ನೆದರ್ಲೆಂಡ್ಸಿನ ಸಂಶೋಧಕರು 'ಲಂಬ್ರಿಕ್ಯುಲಸ್' ಎಂಬ ನೀರುಹುಳುವನ್ನು ಆರಿಸಿಕೊಂಡರು. ಅದರ ನಡತೆ ಕುತೂಹಲಕರವಾದುದು. ತಲೆಯನ್ನು ಬಗ್ಗಡದಲ್ಲಿ ಹುದುಗಿಸಿ ಉಣ್ಣುತ್ತ, ಬಾಲವನ್ನು ನೀರಿಗೆ ಚಾಚಿ ಉಸಿರಾಡುವುದು. ಮೈಯೇ ತುಂಡಾಗಿ, ಒಂದೊಂದು ತುಂಡೂ ಹುಳುವಾಗುವುದು. ನಡುವೆ ಜಾಲರಿಯನ್ನಿಟ್ಟರೆ ಒಂದು ಕಡೆ ಊಟ, ಇನ್ನೊಂದು ಕಡೆ ಉಸಿರು ಮತ್ತು ವಿಸರ್ಜನೆ! ಹಿಕ್ಕೆಗಳು ಗಟ್ಟಿಯಾಗಿರುವುದರಿಂದ ಬೇಗನೆ ತಳಕ್ಕಿಳಿಯುವುವು. ಗಾಳಿಯೂದುವ ತೊಟ್ಟಿಗಳಲ್ಲಿ ಬೇರೆ ಜಾತಿಯ ಹುಳುಗಳು ತಾವಾಗಿಯೇ ಹುಟ್ಟುವುದುಂಟು. ಆದರೆ ಅವು ಒಮ್ಮೆ ತುಂಬಿ ತುಳುಕಿ, ಮತ್ತೊಮ್ಮೆ ಹೇಳಹೆಸರಿಲ್ಲದಂತೆ ಅಡಗುವುವು. ಅವುಗಳನ್ನು ನಂಬಿ ಕೆಲಸ ನಡೆಸಲಾಗದು.

ಈ ಕ್ರಮವೂ ನಿರ್ದೋಷವಾದುದಲ್ಲ. ಹುಳುಗಳು ಉಂಡ ಬಗ್ಗಡದೊಳಗಿನ ಸಾರಜನಕ, ರಂಜಕಗಳು ಒಂದಂಶ ಮತ್ತೆ ನೀರಿಗೇ ಬಿಡುಗಡೆಯಾಗಿ, ಆ ನೀರನ್ನು ಪುನಃ ಶುದ್ಧಿಗೊಳಿಸಬೇಕಾಗುವುದು. ಕಾರ್ಖಾನೆಗಳಿಂದ ಬಂದ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನಂತೂ ಯಾವ ಜೀವಿಯೂ ಜೀರ್ಣಿಸಲಾರದು. ರಾಶಿ ಕಿರಿದಾದಂತೆ ಉಳಿದುದರಲ್ಲಿ ಅವುಗಳ ಪ್ರಮಾಣ ಹೆಚ್ಚಬಹುದು. ಕೊಬ್ಬಿದ ಹುಳುಗಳನ್ನು ಮೀನಿಗೆ ಮೇವಾಗಿಸಬಹುದೆಂಬ ಆಸೆಗೂ ಆ ಲೋಹಗಳೇ ಅಡ್ಡಿಯಾಗಿ ನಿಂತಿವೆ.