ಕೊರಿಯಾದ ಹಬೆಯ ಬನ್ನು

ಒಂದು ನಾಡಿನ ತಿಂಡಿತಿನಿಸುಗಳನ್ನು ಪರಿಶೀಲಿಸಿದರೆ ಅಲ್ಲಿನ ಜನರು ಪಟ್ಟ ಕಷ್ಟವೂ ಕಂಡ ಸುಖವೂ ತಿಳಿದುಬರುತ್ತವೆ. ದಕ್ಷಿಣ ಕೊರಿಯಾದ ಹಬೆಯ ಬನ್ನು ಇದಕ್ಕೊಂದು ನಿದರ್ಶನ.

ಅಲ್ಲಿ ಇದಕ್ಕೆ 'ಜಿನ್‌ಪಾಂಗ್' ಎಂದು ಹೆಸರು. 'ಜಿನ್' ಎಂದರೆ ಹಬೆಯಲ್ಲಿ ಬೆಂದದ್ದು. 'ಪಾಂಗ್' ಎಂದರೆ ರೊಟ್ಟಿ. ಈ ಎರಡನೆಯ ಶಬ್ದವು ಪೋರ್ಚುಗೀಸರಿಂದ ಜಪಾನಿಗೂ, ಜಪಾನಿನಿಂದ ಕೊರಿಯಾಕ್ಕೂ ಹೋದುದು. ಗೋವೆಯ ಕಡೆಯಿಂದ ನಮಗೆ ಬಂದ 'ಪಾವ್' ಶಬ್ದಕ್ಕೂ ಅದೇ ಮೂಲ. ಹುದುಗಿದ ಗೋಧಿಹಿಟ್ಟಿನ ಕಣಕದಲ್ಲಿ ಕೆಂಪು ಕಾಳಿನ ಸಿಹಿ ಹೂರಣವನ್ನು ತುಂಬಿ, ನಮ್ಮ ಕಡುಬಿನಂತೆ ಹಬೆಯಲ್ಲಿ ಬೇಯಿಸುವರು. ಆ ಕಾಳು ನಮ್ಮ ಹೆಸರು, ಅಲಸಂದೆಗಳ ಕುಲಕ್ಕೆ ಸೇರಿದ್ದು.

ಕೊರಿಯನ್ನರು ಅನ್ನ ಉಣ್ಣುವವರು. ಅವರಲ್ಲಿ ಗೋಧಿ ಇಷ್ಟು ಬಳಕೆಗೆ ಬಂದುದು ಹೇಗೆ? 1950ರಿಂದ 1953ರವರೆಗೆ ನಡೆದ ಯುದ್ಧದಿಂದ ನಾಡು ಹಾಳಾಗಿ, ಅಕ್ಕಿಗೆ ಅಭಾವವುಂಟಾಯಿತು. ಅಮೆರಿಕವು 1954ರ ಪಿ.ಎಲ್. 480 ಎಂಬ ಕಾನೂನಿನಂತೆ ತನ್ನಲ್ಲಿ ಮಿಕ್ಕ ಗೋಧಿಯನ್ನು ಕಳುಹಿಸಿತು. 1956ರ ಒಪ್ಪಂದದ ಮೇರೆಗೆ ನಮ್ಮ ದೇಶಕ್ಕೂ ಗೋಧಿ ಬಂದುದು ಇದೇ ಕಾನೂನಿನ ಅಡಿಯಲ್ಲಿ. ಅಕ್ಕಿಯನ್ನು ಉಳಿಸಿ, ಹಿಟ್ಟಿನ ತಿಂಡಿಗಳನ್ನು ತಿನ್ನಿರೆಂದು ಕೊರಿಯಾದ ಸರ್ಕಾರವು ಪ್ರಚಾರ ನಡೆಸಿತು. 1969ರಲ್ಲಿ, ವಾರಕ್ಕೆರಡು ದಿನ ಹಗಲು ಹೊತ್ತು ಹೋಟೆಲುಗಳಲ್ಲಿ ಅನ್ನ ಮಾರಕೂಡದೆಂಬ ಕಟ್ಟಳೆಯನ್ನೂ ಮಾಡಿತು. ಅಂದಿನ ಹಬೆಯ ಬನ್ನು ಹಸಿದವರ ಅಗ್ಗದ ತಿಂಡಿ.

ಅದನ್ನು ಚಳಿಗಾಲದ ತಿಂಡಿಯಾಗಿ ಊರೂರಿಗೂ ಮುಟ್ಟಿಸಿದ್ದು ಸಾಮ್ಲಿಪ್ ಎಂಬ ಕಂಪನಿ. ಚಳಿಯಲ್ಲಿ ರೊಟ್ಟಿಯ ವ್ಯಾಪಾರ ಕುಗ್ಗುತ್ತಿದ್ದುದರಿಂದ ಅದು 1971ರಲ್ಲಿ 'ಹೊಪ್ಪಾಂಗ್' ಎಂಬ ಬನ್ನನ್ನು ಮಾರಾಟಕ್ಕೆ ತಂದಿತು. ಬಿಸಿ ತಿಂಡಿಯನ್ನು 'ಹೋ ಹೋ' ಎಂದು ಊದಿ ತಿನ್ನುವ ಬಗೆಯಿಂದ ಬಂದ ಹೆಸರಿದು. ಆದರೆ ಒಂದು ತೊಡಕಿತ್ತು. ಬನ್ನು ತಣ್ಣಗಾದಂತೆ ಅದರ ಪಿಷ್ಟವು ಬಿರುಸಾಗುತ್ತದೆ. ಹಬೆಯಾದರೋ ಶಾಖದೊಡನೆ ತೇವವನ್ನೂ ಕೊಟ್ಟು ಅದನ್ನು ಮತ್ತೆ ಮೆತ್ತಗಾಗಿಸುತ್ತದೆ. ಆದುದರಿಂದ ಕಂಪನಿಯು ಬನ್ನುಗಳೊಡನೆ ಹಬೆಯ ಪೆಟ್ಟಿಗೆಗಳನ್ನೂ ಅಂಗಡಿಗಳಿಗೆ ಒದಗಿಸಿತು. 1989ರಿಂದೀಚೆಗೆ ಸೋಲ್ ನಗರದಲ್ಲಿ ಹಗಲಿರುಳು ತೆರೆದಿರುವ ಹೊಸ ಬಗೆಯ ಅಂಗಡಿಗಳು ಹಬ್ಬಿದಾಗ ಈ ಪೆಟ್ಟಿಗೆಯು ಅಲ್ಲಿಯೂ ನೆಲೆಸಿತು. ಶಾಲೆಯಿಂದ ಮರಳುವ ಹುಡುಗನೂ ದುಡಿದು ಬರುವ ಕೂಲಿಯವನೂ ದಾರಿಯಲ್ಲೇ ಬಿಸಿ ತಿಂಡಿ ಕೊಳ್ಳುವಂತಾಯಿತು.

ಅನ್ನದ ಮೇಲಿನ ಕಟ್ಟಳೆ ಹೋಗಿ ಎಷ್ಟೋ ಕಾಲವಾಯಿತು. ಇಂದು ಅಲ್ಲಿ ಅಕ್ಕಿಗೆ ಬರವಿಲ್ಲ. ಆದರೂ ಚಳಿ ಬಿದ್ದೊಡನೆ ಜನರು ಬನ್ನನ್ನು ಅರಸುತ್ತಾರೆ. ಬಡತನವು ಕೈಗಿತ್ತ ಗೋಧಿಯನ್ನು ಅವರು ಪ್ರೀತಿಯಿಂದ ತಮ್ಮದಾಗಿಸಿಕೊಂಡಿದ್ದಾರೆ. ಕಟ್ಟಳೆಯಿಂದ ಹೊಟ್ಟೆ ತುಂಬಿಸಬಹುದು. ನಾಲಗೆಯನ್ನು ಒಲಿಸಿಕೊಳ್ಳಲು ಮಾತ್ರ ಅಂಗೈಗೆ ತಾಕುವ ಇಷ್ಟು ಬಿಸಿ ಬೇಕು.